ಹುಲ್ಲಿನ ಮೇಲೆ ಇಪ್ಪತ್ತು, ಬರಿನೆಲದ ಮೇಲೆ ಇಪ್ಪತ್ತು

ಟಿಟಿಕಾಕಾ ಸರೋವರದ ಮೇಲಿನ ನಮ್ಮೂರ ಶಾಲೆಯಲ್ಲಿ
ವಿಜ್ಞಾನಕ್ಕೆ ಇರುವುದು ಒಂದು ಕಪಾಟು,
ಅದರ ಬೀಗದ ಕೈ ನನ್ನ ಬಳಿ, ಒಳಗೆ ಏನೂ ಇಲ್ಲ.

ನೀಲ್ಡಾ ಚಾಂಬಿ, ಹದಿಮೂರು ವರ್ಷ,
ಮೇ ತಿಂಗಳ ಕೊನೆಗೆ ಪ್ರಶ್ನೆ ತಂದಳು:
'ಟೀಚರ್, ಹಿಮಕ್ಕೆ ಆಲೂಗಡ್ಡೆ ಕಂಡರೆ ಯಾಕಿಷ್ಟು ಪ್ರೀತಿ?'
ನಾನು ಕೇಳಿದೆ: ಪ್ರೀತಿಯನ್ನು ಯಾವ ಸೇರಿನಲ್ಲಿ ಅಳೆಯುತ್ತೀ?
ಮುಖ ಸಣ್ಣದು ಮಾಡಿಕೊಂಡು ಹೋದಳು.
ಆ ರಾತ್ರಿ ನನಗೂ ನಿದ್ದೆ ಹತ್ತಲಿಲ್ಲ.

ಮರುದಿನ: 'ಚುನ್ಯೊ ಯಾಕೆ ಕೆಡುವುದಿಲ್ಲ?'
ಒಳ್ಳೆಯದೇ. ಆದರೆ ಕೆಡುವುದಿಲ್ಲ ಅನ್ನಲು
ಹತ್ತು ವರ್ಷ ಕಾಯಬೇಕು ಮಗೂ,
ವಸ್ತುಪ್ರದರ್ಶನ ಆಗಸ್ಟಿನಲ್ಲಿ.
'ಯಾಕೆ' ಎಂಬುದು ಮದುವೆಮನೆಯ ಹಂಡೆ,
ನಮ್ಮ ಒಲೆಗೆ ಕೂರುವುದಿಲ್ಲ.
'ಎಷ್ಟು' ಎಂಬ ಚಿಕ್ಕ ಪಾತ್ರೆ ತಾ.

ಮೂರನೆಯ ದಿನ ಪ್ರಶ್ನೆ ತರಲಿಲ್ಲ, ಅಜ್ಜಿಯ ಮಾತು ತಂದಳು.
ಪ್ರಕ್ಸೇದಿಸಜ್ಜಿ ಹೇಳಿದ್ದಂತೆ:
ಹುಲ್ಲು ಹಾಸದೆ ಗಡ್ಡೆ ಹರಡಿದರೆ
ಅದು ರಾತ್ರಿಯೆಲ್ಲ ನೆಲದ ಬಿಸುಪು ಕುಡಿಯುತ್ತದೆ,
ಸರಿಯಾಗಿ ಒಣಗುವುದಿಲ್ಲ.
ನಿಜವಾ? ಎಂದೆ.
'ಅಜ್ಜಿ ಹೇಳಿದ್ದು' ಎಂದಳು.
ಹೌದು, ಆದರೆ ನಿಜವಾ?
ಅವಳು ಮೊದಲ ಬಾರಿ ನನ್ನನ್ನು
ಕಳ್ಳನನ್ನು ನೋಡಿದಂತೆ ನೋಡಿದಳು.
ಆಗ ತಿಳಿಯಿತು, ಪ್ರಶ್ನೆ ಸಿಕ್ಕಿತು.

ಹುಲ್ಲಿನ ಮೇಲೆ ಇಪ್ಪತ್ತು, ಬರಿನೆಲದ ಮೇಲೆ ಇಪ್ಪತ್ತು,
ಏಳು ರಾತ್ರಿ. ಯಾವುದರ ತೂಕ ಹೆಚ್ಚು ಇಳಿಯುತ್ತದೆ?
ಒಂದೇ ಹೊಲದ ಗಡ್ಡೆ, ಒಂದೇ ಗಾತ್ರ,
ಒಂದೇ ಆಕಾಶ, ಒಂದೇ ಗೋಡೆಯ ನೆರಳು.
ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ
ಎಲ್ಲಿಯೂ ಸಲ್ಲದು,
ಹುಲ್ಲಿನ ವಿಷಯ ಒಂದನ್ನು ಬಿಟ್ಟು.

ಆರೋಗ್ಯ ಕೇಂದ್ರದ ನರ್ಸ್ ಜ್ವರದ ಥರ್ಮಾಮೀಟರ್ ಕೊಟ್ಟಳು.
ಅದು ಮೂವತ್ತೈದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ;
ಚಳಿಗೆ ಜ್ವರ ಬಂದಿಲ್ಲ ಎಂದಷ್ಟೇ ಗೊತ್ತಾಯಿತು.
ಆಮೇಲೆ ಡಬ್ಬಿಯ ಎರಡು ಮುಚ್ಚಳಗಳಿಗೆ ನೀರು ಹುಯ್ದು ಇಟ್ಟೆವು,
ಬೆಳಿಗ್ಗೆ ಮಂಜುಗಡ್ಡೆಯ ದಪ್ಪವನ್ನು
ಸ್ಕೇಲಿನಿಂದ ಅಳೆದಳು, ಉಸಿರು ತಾಗದಂತೆ ಮುಖ ತಿರುಗಿಸಿ.

ನಾಲ್ಕನೆಯ ಬೆಳಿಗ್ಗೆ ತಮ್ಮ ಎಫ್ರಾಯಿನ್,
ಆರು ವರ್ಷದವನು, ಬರಿಗಾಲಲ್ಲಿ ಬಂದು
ವರ್ಷ ವರ್ಷ ಮನೆಯವರೆಲ್ಲ ಮಾಡುವಂತೆ
ಸಂತೋಷದಿಂದ ತುಳಿಯತೊಡಗಿದ.
ತುಳಿಯುವ ಹೊತ್ತು ಇನ್ನೂ ಬಂದಿರಲಿಲ್ಲ.
ಮೂರು ಗಡ್ಡೆ ನೀರು ಕಕ್ಕಿದವು.

ಅತ್ತಳು. ಬೇರೆ ಮೂರನ್ನು ಇಟ್ಟುಬಿಡಲೇ ಎಂದಳು,
ಯಾರಿಗೆ ಗೊತ್ತಾಗುತ್ತದೆ.
ನಾನು ಏನೂ ಹೇಳಲಿಲ್ಲ. ಹೇಳಿದ್ದರೆ ಅದು ನನ್ನ ನಿಯಮವಾಗುತ್ತಿತ್ತು.
ಸಂಜೆ ನೋಟ್‌ಬುಕ್ಕಿನಲ್ಲಿ ನೋಡಿದೆ:
'ನಾಲ್ಕನೆಯ ದಿನ. ಬರಿನೆಲದ ಮೂರು ಗಡ್ಡೆ, ತಮ್ಮನ ಪಾದ.
ಲೆಕ್ಕದಿಂದ ತೆಗೆದೆ. ಇನ್ನು ಹದಿನೇಳು.'
ಆ ಸಾಲಿನ ಪಕ್ಕ ನಾನು ಗುರುತು ಹಾಕಿದೆ,
ಇಡೀ ವರ್ಷದಲ್ಲಿ ಅಷ್ಟು ದೊಡ್ಡ ಗುರುತು ಹಾಕಿಲ್ಲ.

ಏಳನೆಯ ದಿನ ಚೀಸ್ ಮಾರುವವನ ತಕ್ಕಡಿ:
ಹುಲ್ಲಿನವು ಗಡ್ಡೆಗೆ ಎರಡು ಗ್ರಾಂ ಹೆಚ್ಚು ಇಳಿದಿದ್ದವು.
ಅಜ್ಜಿ ಗೆದ್ದಳೇ?
ಅದೇ ಗಡ್ಡೆಯನ್ನು ನೀಲ್ಡಾ ಮತ್ತೆ ತೂಗಿದಳು, ಮತ್ತೊಮ್ಮೆ.
ತಕ್ಕಡಿಯೇ ಎರಡು ಗ್ರಾಂ ಸುಳ್ಳು ಹೇಳುತ್ತಿತ್ತು.

ಪ್ರದರ್ಶನದಲ್ಲಿ ಜ್ವಾಲಾಮುಖಿ ಮಾಡಿದ ಹುಡುಗನಿಗೆ ಬಹುಮಾನ ಬಂತು.
ವಾಪಸಾಗುವ ವ್ಯಾನಿನಲ್ಲಿ ಅಜ್ಜಿ ಕೇಳಿದಳು,
'ಹಾಗಾದರೆ ನಾನು ತಪ್ಪೋ?'
'ಇನ್ನೂ ಇಲ್ಲ ಅಜ್ಜಿ. ಬರುವ ಜೂನಿಗೆ ಅರವತ್ತು ಗಡ್ಡೆ ಬೇಕು.'

ಜೂನ್ ಬಂತು. ಮುದುಕಿ ಕಣಜದ ಮುಂದೆ ಕುಳಿತು
ಒಂದೊಂದನ್ನೇ ಅಂಗೈಯಲ್ಲಿ ತೂಗಿ
ಕೆಲವನ್ನು ಎಡಕ್ಕೆ, ಕೆಲವನ್ನು ಬಲಕ್ಕೆ ಇಟ್ಟಳು.
ನೀಲ್ಡಾ ಬಲಗಡೆಯವನ್ನು ತಕ್ಕಡಿಗೆ ಹಾಕಿದಳು.
ಹಾಕಿದಳು, ಬರೆದಳು, ಹಾಕಿದಳು,
ಮತ್ತೆ ಅಜ್ಜಿಯ ಕೈಯನ್ನೇ ನೋಡುತ್ತ
ಹೊಸ ಪುಟ ತಿರುವಿದಳು.