ಬಿಟ್ಟಿ

ಈ ಸಲ ಸಿಮೋನನ ವೇಷ ನನಗೆ ಬಂತು.
ಹದಿನಾಲ್ಕು ವರ್ಷ ಕಟ್ಟಿದ ಚೌರಪ್ಪಣ್ಣನಿಗೆ
ಮಂಡಿಚಿಪ್ಪು ಬದಲಾಯಿಸಿದ್ದಾರೆ.
"ನಿನ್ನ ಭುಜ ನೋಡಿಯೇ ಆರಿಸಿದ್ದು" ಅಂದರು ಫಾದರ್.
ದಿನಕ್ಕೆ ಅರವತ್ತು ಕ್ಯಾನು, ಕ್ಯಾನಿಗೆ ಇಪ್ಪತ್ತು ಲೀಟರು,
ಲಿಂಗರಾಜಪುರದ ಲಿಫ್ಟಿಲ್ಲದ ಮಹಡಿಗಳೆಲ್ಲ
ಈ ಬಲಭುಜಕ್ಕೆ ಬಾಯಿಪಾಠ.

ಇರುವುದು ಒಂದೇ ಮಾತು.
ಸೈನಿಕರು ಗುಂಪಿನಿಂದ ಹಿಡಿದೆಳೆದಾಗ
ಮೂರು ಹೆಜ್ಜೆ ಹಿಂದೆ ಸರಿದು ಹೇಳಬೇಕು:
"ನನಗೂ ಇವನಿಗೂ ಏನು ಸಂಬಂಧ?"
ತಪಸ್ಸುಕಾಲದ ನಲವತ್ತು ಸಂಜೆ, ಸ್ಕೂಲಿನ ಹೊಂಗೆಮರದ ಕೆಳಗೆ,
ದೇವಸಹಾಯ ಮೇಷ್ಟ್ರು ಗದರಿದ್ದೇ ಗದರಿದ್ದು:
"ಸಿಟ್ಟು ಬೇಕು ಕಣೋ ಸಿಂಗರಾಯ, ಸಿಟ್ಟು!"

ನನಗೆ ಸಿಟ್ಟಿಲ್ಲದೆ ಹೇಳಿಯೇ ಅಭ್ಯಾಸ.
ಬೌರಿಂಗ್ ಆಸ್ಪತ್ರೆಯಲ್ಲಿ, ಹೋದ ವರ್ಷ,
ನರ್ಸಮ್ಮ ರಿಜಿಸ್ಟರು ಚಾಚಿ
"ಪೇಶೆಂಟಿಗೆ ನೀವೇನಾಗಬೇಕು?" ಎಂದಾಗ
ತಣ್ಣಗೆ ಹೇಳಿದ್ದೆ, "ಅದೇ ಬೀದಿಯವನು."
ಒಳಗೆ ಇನ್ನಾಸಿ, ನನ್ನ ಬೆನ್ನಿಗೆ ಹುಟ್ಟಿದವನು,
ಬಾರಿನ ಮೆಟ್ಟಿಲಲ್ಲಿ ಮೂರನೇ ಸಲ ಕಾಲು ಮುರಿದುಕೊಂಡು.
ಹೊರಗೆ ಗಾಡಿಯಲ್ಲಿ ಹದಿನೆಂಟು ಕ್ಯಾನು
ಬಿಸಿಲಿಗೆ ಕಾಯುತ್ತಿದ್ದವು.
ಸಹಿ ಹಾಕಲಿಲ್ಲ.

ಬಿಟ್ಟೀ ಹಿಡಿದರು, ಎಂದು ಬೈಬಲಿನ ಮಾತು.
ಅಜ್ಜಿ ಹೇಳುತ್ತಿದ್ದಳು, ಕೆರೆ ಏರಿ ಕೆಲಸಕ್ಕೆ
ಅವರಪ್ಪನನ್ನೂ ಹಾಗೇ ಹಿಡಿದಿದ್ದರಂತೆ,
ಭುಜ ಸುಲಿದುಕೊಂಡು ಬಂದು ಬಾಗಿಲಲ್ಲೇ ಕೂತನಂತೆ.
ನಾನು ಹಾಗಲ್ಲ.
ಕ್ಯಾನಿಗೆ ಇಷ್ಟು, ಮಹಡಿಗೆ ಇಷ್ಟು.
ಕೂಲಿಯಿಲ್ಲದ ಹೊರೆಗೆ ಮೈ ಕೊಟ್ಟವನೇ ಅಲ್ಲ.

ಶುಭ ಶುಕ್ರವಾರ, ಮಧ್ಯಾಹ್ನ.
ಬೇಕರಿಯವರು ಷಟರ್ ಅರ್ಧ ಇಳಿಸಿದ್ದರು.
ಆಟೋಗಳು ಹಾರ್ನ್ ಹೊಡೆದು, ನೋಡಿ, ಸುಮ್ಮನಾದವು.
ಯೇಸುವಾಗಿ ಮೊಬೈಲ್ ರಿಪೇರಿಯ ಜೆರೋಮ್,
ಹಣೆಯ ಮೇಲೆ ಬೀಟ್‌ರೂಟ್ ರಸ, ಅದಕ್ಕೆ ಮುತ್ತುವ ನೊಣ.
ಶಿಲುಬೆ ಮಾತ್ರ ಬಣ್ಣದ್ದಲ್ಲ,
ಹೆಣ್ಣೂರಲ್ಲಿ ಕೆಡವಿದ ಮನೆಯ ಬಾಗಿಲುವಾಡ.
ಯಾವುದೋ ಸಂಸಾರದ ಹಳೇ ಮೊಳೆಗಳು
ಇನ್ನೂ ಅದರೊಳಗೇ ಇದ್ದವು.

ಸೈನಿಕ ನನ್ನ ರಟ್ಟೆ ಹಿಡಿದ.
ಮೂರನೇ ಮಹಡಿಯ ಬಾಲ್ಕನಿಯಿಂದ ಒಂದು ಮಗು,
"ಅಮ್ಮಾ, ನೀರಿನ ಅಂಕಲ್!"
ಜನ ನಕ್ಕರು. ಸೈನಿಕನೂ ನಕ್ಕ.
ಒಂದು ಹೆಜ್ಜೆ ಹಿಂದೆ ಸರಿದೆ. ಎರಡು. ಮೂರು.
ಮಾತು ಬರಲಿಲ್ಲ.
"ಸಂಬಂಧ! ಸಂಬಂಧ!" ಮೇಷ್ಟ್ರು ಹಿಂದಿನಿಂದ ಪಿಸುಗುಟ್ಟಿದರು,
ಮೈಕು ಅದನ್ನೂ ಬೀದಿಗೆಲ್ಲ ಹಂಚಿತು.
ಮರದ ಅಡಿಯಿಂದ ಜೆರೋಮ್, ಹಲ್ಲು ಕಚ್ಚಿ,
ನನಗಷ್ಟೇ ಕೇಳುವಂತೆ:
"ಬೇಗ ಹಿಡ್ಕೊ ಅಣ್ಣಾ, ನಿಜವಾಗ್ಲೂ ಭಾರ."

ನೀರಿಗೆ ಒಂದು ಗುಣವಿದೆ:
ಕ್ಯಾನಿನೊಳಗೇ ತೊನೆದು
ಹೊತ್ತವನ ಹೆಜ್ಜೆಗೆ ಹೊಂದಿಕೊಳ್ಳುತ್ತದೆ.
ಮರ ಹೊಂದಿಕೊಳ್ಳುವುದಿಲ್ಲ.
ಅದರ ಮೂಲೆ ಎಲುಬಿಗೇ ಬಂದು ಕೂತಿತು,
ನಾನೇ ಅದಕ್ಕೆ ತಕ್ಕ ಹಾಗೆ ಸೊಂಟ ಬಗ್ಗಿಸಬೇಕಾಯಿತು.
ಜೆರೋಮನ ಬೆವರು, ನನ್ನ ಬೆವರು,
ಇಬ್ಬರ ಉಸಿರೂ ಒಂದೇ ಮರದಡಿ.
ಟ್ರಾನ್ಸ್‌ಫಾರ್ಮರಿನಿಂದ ಕಸದ ತಿರುವಿನವರೆಗೆ
ನೂರಿಪ್ಪತ್ತು ಹೆಜ್ಜೆ. ಎಣಿಸಿದೆ.
ಅಳು ಬಂತು ಅಂತ ಆಮೇಲೆ ಹೆಂಡತಿ ಹೇಳಿದಳು.
ನನಗೆ ಗೊತ್ತಾಗಲಿಲ್ಲ.

ಪ್ರತಿಯಲ್ಲಿ ಮುಂದೆ ಇಷ್ಟೇ: ಸಿಮೋನ ಹೊರಡುವನು.
ಎಲ್ಲಿಗೆ ಹೋದ, ಆ ರಾತ್ರಿ ಯಾವ ಮಗ್ಗುಲಿಗೆ ಮಲಗಿದ,
ಯಾರೂ ಬರೆದಿಟ್ಟಿಲ್ಲ.

ಶನಿವಾರ ಮೂರನೇ ಮಹಡಿಗೆ ಕ್ಯಾನು ಇಳಿಸುವಾಗ
ಅದೇ ಮಗು ಬಾಗಿಲಲ್ಲಿ:
"ಅಂಕಲ್, ಅವ್ರು ಸತ್ತೋದ್ರಾ?"
"ನಾಳೆ ಏಳ್ತಾರೆ" ಅಂದೆ, ಎಡಭುಜ ನೀವಿಕೊಂಡು.
ಬಲಭುಜದಲ್ಲಿ ಇನ್ನೂ ಬಾಗಿಲುವಾಡದ ಗೆರೆ.

ಕೆಳಗೆ ಗಾಡಿಯ ಮುಂದಿನ ಸೀಟಿನಲ್ಲಿ ಇನ್ನಾಸಿ.
ಊರುಗೋಲು ಕ್ಯಾನುಗಳ ನಡುವೆ.
ಸರಿಹೋದನೆಂದಲ್ಲ,
ಬೆಳಗ್ಗೆ ಎದ್ದವನೇ ಐವತ್ತು ರೂಪಾಯಿ ಕೇಳಿದ.
ಕೊಡಲಿಲ್ಲ. ಖಾಲಿ ಕ್ಯಾನು ಎಣಿಸು ಅಂದೆ.
ಮೂತಿ ಊದಿಸಿಕೊಂಡು ಎಣಿಸುತ್ತಿದ್ದಾನೆ,
ಹದಿನೇಳಾದ ಮೇಲೆ ಮತ್ತೆ ಹದಿನಾರು ಅನ್ನುತ್ತ.