ಸ್ಟಾಲ್

ರಾತ್ರಿ ಹತ್ತರ ಮೇಲೆ ಮಾತ್ರ ಗಾಳಿ.
ಹಗಲು ಹಾಕಿದರೆ ಇಡೀ ವಿಭಾಗದ ದೀಪ ಮಂಕು.
ಟ್ರಾನ್ಸ್‌ಫಾರ್ಮರ್ ಹಳೆಯದು, ಗಾಳಿಸುರಂಗ ಅದಕ್ಕಿಂತ ಹಳೆಯದು,
ಪಾಕ್ ಎಂಗ್ಕೋಸ್ ಎರಡಕ್ಕೂ ಹಿರಿಯರು.
ಬೀಗದ ಕೈ ಕೊರಳಲ್ಲಿ ತೂಗುಬಿಟ್ಟು,
ಬಾಂಡುಂಗಿನ ಚಳಿಗೆ ಸರೋಂಗು ಹೊದ್ದು ಬರುತ್ತಾರೆ,
ಫ್ಯಾನಿನ ಬೇರಿಂಗಿಗೆ ಕಿವಿಯಿಟ್ಟು
'ಇವತ್ತು ಇವಳ ಮನಸ್ಸು ಸರಿಯಿದೆ' ಅನ್ನುತ್ತಾರೆ.

ಮರದ ರೆಕ್ಕೆಯ ಬೆನ್ನಿಗೆ
ಉಣ್ಣೆದಾರದ ತುಣುಕು ಅಂಟಿಸಿದ್ದೇನೆ, ಕೆಂಪು,
ಸಾಲಿಗೆ ಹದಿನಾರು, ಒಂಬತ್ತು ಸಾಲು.
ಒಂದು ಸಾಲು ಸೊಟ್ಟ.
ಅಪ್ಪ ನೋಡಿದ್ದರೆ ಕಿತ್ತು ಮತ್ತೆ ಹಾಕು ಅನ್ನುತ್ತಿದ್ದ.

ಅಪ್ಪ ಇದೇ ಊರಿನ ವಿಮಾನ ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷ ರಿವೆಟ್ ಹೊಡೆದವನು.
ಒಂದು ಶುಕ್ರವಾರ ನಮಾಜು ಮುಗಿಸಿ ಬಂದರೆ ಗೇಟಿನಲ್ಲಿ ಪಟ್ಟಿ,
ಮೂರನೆಯ ಹಾಳೆಯಲ್ಲಿ ಹೆಸರು.
ಈಗ ಸೇತುವೆ ಬಳಿ ಬಕ್ಸೋ ಮಾರುತ್ತಾನೆ.
ಗಾಡಿ ತಾನೇ ಕಟ್ಟಿದ್ದು, ಅಲ್ಯುಮಿನಿಯಂ ತಗಡಿನದು;
ರಿವೆಟ್ಟಿನ ತಲೆ ತಗಡಿನೊಳಗೆ ಮುಳುಗಿ
ಅಂಗೈ ಸವರಿದರೆ ಎಲ್ಲೂ ತಡೆಯಿಲ್ಲ.
ತಳ್ಳುಗಾಡಿಗೆ ಇಷ್ಟು ನುಣುಪು ಯಾಕೆ, ಕೇಳಿದ್ದೆ ಒಮ್ಮೆ.
ಗಾಳಿಗೆ, ಅಂದ.
ನಡಿಗೆಯ ವೇಗಕ್ಕೆ ಎಂಥ ಗಾಳಿ?
ಸಾರು ಕಲಕತೊಡಗಿದ.

ಎರಡನೇ ವರ್ಷದ ಮೊದಲ ತರಗತಿಯಲ್ಲೇ ಹಪ್ಸಾರಿ ಮೇಡಂ
ಶಾಲೆಯಲ್ಲಿ ಕಲಿತದ್ದನ್ನು ಅಳಿಸಿಹಾಕಿದರು:
ರೆಕ್ಕೆಯ ಮೂತಿಯಲ್ಲಿ ಅಗಲಿದ ಎರಡು ಗಾಳಿಕಣ
ಒಂದು ಮೇಲೆ, ಒಂದು ಕೆಳಗೆ ಸಾಗಿ
ಹಿಂದಿನ ಅಂಚಿನಲ್ಲಿ ಒಟ್ಟಿಗೇ ಸೇರುತ್ತವೆಂಬ ಕತೆ.
'ಸುಳ್ಳು. ಮೇಲಿನದು ಮೊದಲೇ ತಲುಪುತ್ತದೆ. ಕಾಯುವುದಿಲ್ಲ.
ಹಾರುವುದಕ್ಕೆ ಅವು ಮತ್ತೆ ಸೇರಬೇಕಾಗಿಯೂ ಇಲ್ಲ.'
ಕುಪಾಂಗಿನಿಂದ ದಿನಗಟ್ಟಲೆ ಹಡಗಿನಲ್ಲಿ ಬಂದ ಯೋಸಾಫಾತ್
ಪೆನ್ನು ಕೆಳಗಿಟ್ಟು ಕಿಟಕಿ ನೋಡಿದ್ದು ನೆನಪಿದೆ.
ಆ ಸೆಮಿಸ್ಟರ್ ಅವನು ಫೇಲಾದ.
ನಾನು ಬಚಾವಾದದ್ದು ಎರಡೇ ಅಂಕದಲ್ಲಿ.

ಈಗ ಕೋನದ ಹಿಡಿ ತಿರುಗಿಸುವವನು ಅವನೇ.
ಸೊನ್ನೆ. ನಾಲ್ಕು. ಎಂಟು.
ಗಾಜಿನಾಚೆ ದಾರಗಳು ಎಣ್ಣೆಹಚ್ಚಿ ಬಾಚಿದ ತಲೆ.
ಹತ್ತು. ಹನ್ನೆರಡು. ತಕ್ಕಡಿಯ ಮುಳ್ಳು ಏರುತ್ತಲೇ ಇದೆ;
ಮೂತಿ ಎತ್ತಿದಷ್ಟೂ ಎತ್ತರ ಎಂಬ ಆಸೆ ಹುಟ್ಟುವುದು ಇಲ್ಲೇ.
ಹದಿಮೂರಕ್ಕೆ ಹಿಂದಿನ ಅಂಚಿನಲ್ಲೊಂದು ನಡುಗಿತು.
ಹದಿನಾಲ್ಕು, ಅದರ ನೆರೆಯವಕ್ಕೂ ಸುದ್ದಿ ಮುಟ್ಟಿತು.
ಹದಿನೈದು —
ಅಷ್ಟೂ ದಾರಗಳು ಹಿಂದಿರುಗಿ
ತಾವು ಬೆನ್ನು ಹಾಕಿದ್ದ ಗಾಳಿಗೇ ಮುಖ ಕೊಟ್ಟವು.
ಮುಳ್ಳು ಬಿತ್ತು.

'ಸ್ಟಾಲ್. ಬರೆದುಕೋ.'
ಬರೆದೆ.
ನಿಘಂಟಿನಲ್ಲಿ ಈ ಪದಕ್ಕೆ ರಸ್ತೆಬದಿಯ ಅಂಗಡಿ ಎಂದೂ ಅರ್ಥವಿದೆ.
ಮೊದಲ ವರ್ಷ ಕಂಡು ನಕ್ಕಿದ್ದೆ, ಅಪ್ಪನಿಗೆ ಹೇಳಿರಲಿಲ್ಲ.
ಎಂಜಿನ್ ಓಡುತ್ತಿರುತ್ತದೆ, ರೆಕ್ಕೆಗೆ ಒಂದು ಗೀರೂ ಆಗಿರುವುದಿಲ್ಲ,
ಗಾಳಿ ಇದ್ದಲ್ಲೇ ಇರುತ್ತದೆ.
ಮೈಗೆ ಹತ್ತಿಕೊಂಡಿದ್ದು ಬಿಡುತ್ತದೆ, ಅಷ್ಟೆ.

'ಇಳಿಸು' ಅಂದರು ಪಾಕ್ ಎಂಗ್ಕೋಸ್, ಕಣ್ಣು ಮುಚ್ಚಿಕೊಂಡೇ.
ಹದಿನಾಲ್ಕಕ್ಕೆ ಇಳಿಸಿದೆವು. ಹಾಗೇ ಒದ್ದಾಟ.
ಹದಿಮೂರು. ಹನ್ನೆರಡು. ಆಗಲೂ ಇಲ್ಲ.
ಬಿಟ್ಟ ಕೋನದಲ್ಲೇ ಮತ್ತೆ ಹಿಡಿಯುವುದಿಲ್ಲ ಗಾಳಿ,
ಅದರ ಲೆಕ್ಕ ಬೇರೆ.
ಹನ್ನೊಂದಕ್ಕೆ ಒಂದೊಂದಾಗಿ ಮಲಗಿದವು,
ಎಲ್ಲಕ್ಕಿಂತ ಕೊನೆಗೆ ಸೊಟ್ಟ ಸಾಲು.
ಕಿತ್ತುಹೋದ ಒಂದು ತುಣುಕನ್ನು ಬಲೆಯಿಂದ ಬಿಡಿಸಿ
ಪಾಕ್ ಎಂಗ್ಕೋಸ್ ಜೇಬಿಗೆ ಹಾಕಿಕೊಂಡರು, ಯಾಕೋ.

ಒಂದು ಗಂಟೆ. ಸೇತುವೆ ಬಳಿ ಗ್ಯಾಸ್‌ಲೈಟು ಇನ್ನೂ ಉರಿಯುತ್ತಿತ್ತು.
ಯೋಸಾಫಾತನಿಗೆ ಬಟ್ಟಲು ತುಂಬ ಬಡಿಸಿ
ಅಪ್ಪ ಕೇಳಿದ: ಯಾವ ಅಂಟು? ಎಷ್ಟು ದಾರ? ಸಾಲು ನೇರವಿತ್ತಾ?
ಒಂದು ಸೊಟ್ಟ, ಅಂದೆ.
ಸೌಟು ತಡೆದು ನನ್ನನ್ನೇ ನೋಡಿದ,
ನನ್ನ ಬಟ್ಟಲಿಗೆ ಒಂದು ಉಂಡೆ ಕಡಿಮೆ ಹಾಕಿದ.