ಎಂಟು ನಿಮಿಷ

ಕೋಟೆ ರಸ್ತೆಯ ನಮ್ಮ ಶಾಲೆಯಲ್ಲಿ
ಊಟದ ಪೇಪರ್ ತಟ್ಟೆಯೇ ಗಡಿಯಾರ.
ನಡುವೆ ಗುಂಡುಸೂಜಿ, ರಟ್ಟಿನ ಎರಡು ಮುಳ್ಳು.
ಮುಳ್ಳು ಎಂದೊಡನೆ ಗುತ್ಯಪ್ಪ
ಬೆನ್ನ ಹಿಂದೆ ಕೈ ಅಡಗಿಸಿದ.
ಹದಿನೇಳು ವರ್ಷ, ಮೀಸೆ ಮೂಡಿದೆ,
ಚುಚ್ಚುವುದನ್ನು ಮುಟ್ಟಬಾರದೆಂದು ಮನೆಯಲ್ಲಿ ಕಲಿಸಿದ್ದಾರೆ.

ಚುಚ್ಚಲ್ಲ ಕಣೋ, ತೋರಿಸುತ್ತೆ ಅಷ್ಟೆ, ಎಂದೆ.
ಹಾಗಾದ್ರೆ ಬೆರಳು ಅನ್ನಿ, ಎಂದ.
ಅಂದಿನಿಂದ ನಮ್ಮಲ್ಲಿ ದೊಡ್ಡ ಬೆರಳು, ಚಿಕ್ಕ ಬೆರಳು.

ಹತ್ತೂಕಾಲು ಎಂದಾಗ ಶಾಕಿರಾ ನಕ್ಕಳು,
ಕ್ಯಾಲಿಪರಿನ ಪಟ್ಟಿ ಬಿಗಿದುಕೊಳ್ಳುತ್ತಾ:
‘ಹತ್ತಕ್ಕೆ ಒಂದೇ ಕಾಲಾ ಮಿಸ್? ಅದಕ್ಕೇ ನಿಧಾನ, ಪಾಪ.’
ಮುಕ್ಕಾಲಾದಾಗ, ‘ಈಗ ಅದರ ಮೇಲೆ ಕೂತ್ಕೋಬಹುದು.’

ಆರು ತಿಂಗಳು ಹೀಗೇ.
ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು,
ಮೂರು ಸೀಟಿಗೆ ಒಲೆ ಆರಿಸು,
ಚಿಕ್ಕ ಬೆರಳು ನಾಲ್ಕಕ್ಕೆ ಬರುವ ತನಕ
ಜಾಗ ಬಿಟ್ಟು ಏಳಬೇಡ.

ಅದೊಂದನ್ನು ಗುತ್ಯಪ್ಪ ಚೆನ್ನಾಗಿ ಕಲಿತ.
ಒಂದು ಶುಕ್ರವಾರ ಬೀಗ ಹಾಕಲು ಬಂದರೆ
ಮಬ್ಬುಗತ್ತಲಲ್ಲಿ ಒಬ್ಬನೇ, ಚೀಲ ತೊಡೆಯ ಮೇಲೆ.
ಕರೆದು ಕರೆದು ಸಾಕಾದ ಅವನ ಅಣ್ಣ
ಹೊರಗೆ ಬೈಕಿಗೊರಗಿ ನಿಂತಿದ್ದ.
‘ಇನ್ನೂ ನಾಲ್ಕಾಗಿಲ್ಲ ಮಿಸ್.’
ಗೋಡೆ ನೋಡಿದೆ. ಮೂರೂ ಇಪ್ಪತ್ತು.
ಸೆಲ್ ತೀರಿತ್ತು.
ಗಡಿಯಾರವೂ ಸುಳ್ಳು ಹೇಳಬಹುದೆಂಬ ಪಾಠ
ನನ್ನ ನೋಟ್ಸಿನಲ್ಲಿ ಇರಲಿಲ್ಲ.

ಮರುದಿನ ಐವತ್ತರ ನೋಟು ಕೊಟ್ಟು
ಗಾಂಧಿ ಬಜಾರಿಗೆ ಕಳಿಸಿದೆ:
ಸೆಲ್ ತಾ, ಚಿಲ್ಲರೆ ಎಣಿಸು,
ಅಂಗಡಿಯವರನ್ನೇ ಗಂಟೆ ಕೇಳಿಕೊಂಡು ಬಾ.
ಮರೆಯಲ್ಲಿ ಹಿಂಬಾಲಿಸಬೇಕೆಂದಿದ್ದೆ;
ಗೇಟಿನ ತನಕ ಹೋಗಿ ನಿಂತುಬಿಟ್ಟೆ.

ಬಂದ. ಬಾಯಿ ತುಂಬ ಒಂದೇ ಮಾತು,
ಬೇರೆ ಮಾತಾಡಿದರೆ ಚೆಲ್ಲಿಹೋದೀತು ಎಂಬಂತೆ:
ಹನ್ನೊಂದೂಕಾಲು ಹನ್ನೊಂದೂಕಾಲು ಹನ್ನೊಂದೂಕಾಲು.
ಹೂವಿನ ಸರೋಜಕ್ಕ ಎಲ್ಲಿಗೋ ಎಂದರೂ
ಅದೇ ಉತ್ತರವಂತೆ.
ಸ್ಟೂಲು ಹತ್ತಿ, ಪ್ಲಸ್ಸು ಮೈನಸ್ಸು ನೋಡಿ ಸೆಲ್ ಕೂರಿಸಿ,
ಬೆರಳು ತಿರುಗಿಸಿ,
ತಂದ ಹೊತ್ತನ್ನು ಅಲ್ಲಿಟ್ಟ.
ನನ್ನ ವಾಚಿನಲ್ಲಿ ಆಗ ಹನ್ನೊಂದೂ ಇಪ್ಪತ್ಮೂರು.

ಇನ್‌ಸ್ಪೆಕ್ಷನ್ನಿಗೆ ಬಂದವರು ಬರೆದು ಹೋಗಿದ್ದಾರೆ:
ಗಡಿಯಾರ ಎಂಟು ನಿಮಿಷ ಹಿಂದಿದೆ, ಸರಿಪಡಿಸುವುದು.
ಸಹಿ ಹಾಕಿದ್ದೇನೆ.
ಅಂಗಡಿಯಿಂದ ಗೋಡೆಗೆ ಅವನು ನಡೆದ ದಾರಿ ಅದು,
ತೆಗೆಯಲು ಕೈ ಬರುತ್ತಿಲ್ಲ.

ಮಂಡ್ಲಿ ಬಸ್ಸಿಗೆ ಮಾತ್ರ
ಎಂಟು ಕೂಡಿಸಿಕೊಂಡು ಹೊರಡಬೇಕೆಂದು
ಶಾಕಿರಾ ಎಲ್ಲರಿಗೂ ಹೇಳಿಕೊಡುತ್ತಾಳೆ.
ಅವಳ ಒಂದು ಕೈ ಊರುಗೋಲಿಗೆ.
ಇನ್ನೊಂದರಲ್ಲಿ ಐದು ಎಣಿಸಿ,
ಉಳಿದ ಮೂರಕ್ಕೆ
ಗುತ್ಯಪ್ಪನ ಬೆರಳು ಹಿಡಿಯುತ್ತಾಳೆ.